ಬಂಡೆಚಿತ್ರವನ್ನು ಕೈಕಾಗದಕ್ಕೆ ತರುವುದು: ಯಾವ ಗುರುತಿಗೆ ಯಾವ ವಿಧಾನ?

ಬಂಡೆಚಿತ್ರಗಳಿಂದ ಪ್ರೇರಣೆ ಪಡೆದು ಕಾಗದದ ಕಲಾಕೃತಿ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಬ್ರಷ್. ಒರಟು ಕಾಗದ ತರುತ್ತಾರೆ, ಕೆಂಪುಕಂದು ಬಣ್ಣ ಕಲಸುತ್ತಾರೆ, ಗೂಳಿಯನ್ನೋ ಬಿಲ್ಲುಗಾರನನ್ನೋ ಬರೆದು ಮುಗಿಸುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅಲ್ಲಿ ಕಾಗದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಅದೇ ಚಿತ್ರವನ್ನು ಕ್ಯಾನ್ವಾಸಿನ ಮೇಲೆ, ಗೋಡೆಯ ಮೇಲೆ, ಮಗ್ಗಿನ ಮೇಲೆ ಬರೆದರೂ ಏನೂ ವ್ಯತ್ಯಾಸವಾಗದು. ತಿರುಳನ್ನು (ನೀರಿನಲ್ಲಿ ಅರೆದ ನಾರನ್ನು) ಕಲಸಿ, ಬಲೆ ಬಿಗಿದ ಜರಡಿಯಲ್ಲಿ ಎತ್ತಿ, ನೀರು ಬಸಿದು ಹಾಳೆ ಮಾಡುವಷ್ಟು ಕಷ್ಟಪಟ್ಟ ಮೇಲೆ ಆ ಹಾಳೆ ಬಂಡೆಯ ಪಾತ್ರವನ್ನು ವಹಿಸಬೇಕು ಎನ್ನುವುದು ನನ್ನ ಹಟ.

ಅದಕ್ಕಾಗಿ ವಿಧಾನ ಆರಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಿಮಗೆ ಇಷ್ಟವಾದ ಆ ಚಿತ್ರದಲ್ಲಿ, ಬಂಡೆಯ ಮೇಲೆ ಗುರುತು ಮೂಡಿದ್ದು ಹೇಗೆ? ಮೇಲಿನಿಂದ ಬಣ್ಣ ಸೇರಿಸಿಯೋ, ಕಲ್ಲನ್ನು ಕುಟ್ಟಿ ತೆಗೆದೋ, ಇಲ್ಲಾ ಸುತ್ತಲೂ ಬಣ್ಣ ಊದಿ ನಡುವಿನ ಜಾಗವನ್ನು ಖಾಲಿ ಬಿಟ್ಟೋ? ಕಾಗದದಲ್ಲೂ ಈ ಮೂರು ಕೆಲಸಗಳಿಗೆ ಮೂರು ಬೇರೆ ದಾರಿಗಳಿವೆ. ಬಂಡೆಯ ಮೇಲಿನ ಕೆಲಸವೂ ಕಾಗದದ ಮೇಲಿನ ಕೆಲಸವೂ ಒಂದೇ ಜಾತಿಯದಾದರೆ ಕಲಾಕೃತಿ ಗಟ್ಟಿಯಾಗುತ್ತದೆ.

ಮೊದಲು ಬಂಡೆಯನ್ನು ಓದಿ

ಮಧ್ಯಪ್ರದೇಶದ ಭೀಮ್‌ಬೆಟ್ಕಾ, ಫ್ರಾನ್ಸಿನ ಲಾಸ್ಕೋ, ಸ್ಪೇನಿನ ಆಲ್ಟಮಿರಾ, ಇವೆಲ್ಲ ಬಣ್ಣ ಸೇರಿಸಿದ ಚಿತ್ರಗಳು. ಕೆಮ್ಮಣ್ಣು, ಬಿಳಿಮಣ್ಣು, ಕರಿ. 1957ರಲ್ಲಿ ಪುರಾತತ್ತ್ವಜ್ಞ ವಿ.ಎಸ್. ವಾಕಣ್ಕರ್ ಕಂಡುಹಿಡಿದ ಭೀಮ್‌ಬೆಟ್ಕಾದಲ್ಲಿ ಒಂದು ಕಾಲದವರು ಬರೆದ ಪ್ರಾಣಿಯ ಮೇಲೇ ಇನ್ನೊಂದು ಕಾಲದವರು ಇನ್ನೊಂದನ್ನು ಬರೆದಿದ್ದಾರೆ. ‘ಝೂ ರಾಕ್’ ಎಂದು ಕರೆಯುವ ಬಂಡೆಯಲ್ಲಿ ಪ್ರಾಣಿಗಳು ಹೀಗೆ ಒಂದರೊಳಗೊಂದು ಹಾದುಹೋಗುತ್ತವೆ. ಆಲ್ಟಮಿರಾದಲ್ಲಿ ಗವಿಯ ಛಾವಣಿಯ ಉಬ್ಬುಗಳನ್ನೇ ಕಾಡೆಮ್ಮೆಯ ಮೈಯಾಗಿ ಬಳಸಿಕೊಂಡಿದ್ದಾರೆ. ಅಂದರೆ ಅಲ್ಲಿ ಬಣ್ಣದ ಜೊತೆಗೆ ಕಲ್ಲಿನ ಆಕಾರವೂ ಚಿತ್ರದ ಪಾಲುದಾರ.

ಕುಟ್ಟಿ ತೆಗೆದವು ಬೇರೆ ಲೋಕ. ಬಳ್ಳಾರಿ ಬಳಿಯ ಸಂಗನಕಲ್ಲು-ಕಪ್ಪಗಲ್ಲು ಬೆಟ್ಟದಲ್ಲಿ ಕರಿಯ ಡಾಲರೈಟ್ ಕಲ್ಲಿನ ಮೇಲೆ ಉದ್ದ ಕೊಂಬಿನ, ಹಿಣಿಲಿನ ದನಗಳನ್ನು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ್ದಾರೆ. ಇಟಲಿಯ ವಾಲ್ ಕಮೋನಿಕಾ ಕಣಿವೆಯಲ್ಲಿ ಹಿಮನದಿ ಉಜ್ಜಿ ನುಣುಪಾಗಿಸಿದ ಮರಳುಗಲ್ಲಿನ ಮೇಲೆ ಇಂಥ ಆಕೃತಿಗಳು 1,40,000ಕ್ಕೂ ಹೆಚ್ಚಿವೆ. ಅಮೆರಿಕದ ಯೂಟಾ ರಾಜ್ಯದ ನ್ಯೂಸ್‌ಪೇಪರ್ ರಾಕ್‌ನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳಿಂದ ಕಪ್ಪಾದ ಮೇಲ್ಪದರವನ್ನು ಕೆತ್ತಿದಾಗ ಒಳಗಿನ ತಿಳಿಬಣ್ಣದ ಕಲ್ಲು ಹೊರಬಂದಿದೆ. ಇವುಗಳಲ್ಲಿ ಬಣ್ಣ ಎನ್ನುವುದೇ ಇಲ್ಲ. ಇರುವುದು ಮೇಲ್ಪದರ, ಒಳಪದರ, ಅವೆರಡರ ನಡುವಿನ ವ್ಯತ್ಯಾಸ.

ಇಲ್ಲಿ ಫೋಟೋಗಳನ್ನು ಪೂರ್ತಿ ನಂಬಬೇಡಿ. ಸ್ವೀಡನ್ನಿನ ತಾನುಮ್‌ನ ಕಂಚಿನ ಯುಗದ ಹಡಗುಗಳು ಫೋಟೋದಲ್ಲಿ ಕೆಂಪು ಬಣ್ಣದ ಚಿತ್ರಗಳಂತೆ ಕಾಣುತ್ತವೆ. ಅವು ಕೆತ್ತನೆಗಳು. ಈಗ ಕಾಣುವ ಕೆಂಪು, ನೋಡುವವರ ಕಣ್ಣಿಗೆ ಸಿಗಲೆಂದು ಈಚಿನವರು ತುಂಬಿದ್ದು. ಆ ಕೆಂಪನ್ನೇ ನಿಮ್ಮ ಕಾಗದಕ್ಕೆ ತಂದರೆ ನೀವು ಪ್ರವಾಸಿಗರ ಸೂಚನಾಫಲಕವನ್ನು ನಕಲು ಮಾಡಿದಂತಾಗುತ್ತದೆ!

ಮೂರನೆಯದು ಖಾಲಿ ಬಿಟ್ಟ ಗುರುತು. ಅರ್ಜೆಂಟೀನಾದ ಕ್ವೇವಾ ದೆ ಲಾಸ್ ಮಾನೋಸ್ ಗವಿಯಲ್ಲಿ ಗೋಡೆಗೆ ಅಂಗೈ ಒತ್ತಿ, ಸುತ್ತಲೂ ಬಣ್ಣ ಊದಿ ಬಿಟ್ಟ ನೂರಾರು ಕೈಗಳಿವೆ. ಅಲ್ಲಿನ ಕಲೆಯ ಕಾಲ ಸುಮಾರು 13,000ದಿಂದ 9,500 ವರ್ಷಗಳ ಹಿಂದಿನದೆಂದು ಯುನೆಸ್ಕೊ ಹೇಳುತ್ತದೆ. ಹೆಚ್ಚಿನವು ಎಡಗೈಗಳು, ಬಲಗೈಯಲ್ಲಿ ಊದುವ ಕೊಳವೆ ಹಿಡಿದಿದ್ದರು ಎನ್ನುವುದು ಅದಕ್ಕೆ ಕೊಡುವ ವಿವರಣೆ. ಇಂಡೊನೇಷ್ಯಾದ ಸುಲಾವೆಸಿಯ ಗವಿಗಳಲ್ಲಿ ಇಂಥ ಒಂದು ಕೈಗುರುತು ಕಡಿಮೆಯೆಂದರೂ ಸುಮಾರು 40,000 ವರ್ಷ ಹಳೆಯದು.

ಕುಟ್ಟುಚಿತ್ರಕ್ಕೆ: ಎರಡು ಪದರದ ಹಾಳೆಯೋ, ಅಚ್ಚೋ, ನೀರಚ್ಚೋ?

ನನಗೆ ಅತಿ ಪ್ರಿಯವಾದ ಭಾಗ ಇದು, ಆದ್ದರಿಂದ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ಎರಡು ಪದರದ ಹಾಳೆಯ ತತ್ತ್ವ ಸರಳ. ಕೆಳಗೆ ದಪ್ಪನೆಯ ತಿಳಿಬಣ್ಣದ ಹಾಳೆ, ಮೇಲೆ ತೆಳ್ಳನೆಯ ಗಾಢ ಹಾಳೆ. ಮೇಲಿನದು ಹರಿದ ಕಡೆ ಕೆಳಗಿನದು ಕಾಣುತ್ತದೆ. ಕಪ್ಪಾದ ಬಂಡೆಯನ್ನು ಕುಟ್ಟಿದಾಗ ಆಗುವುದೂ ಇಷ್ಟೇ.

ಮೊದಲು ತಿಳಿಬಣ್ಣದ ತಿರುಳಿನಿಂದ ದಪ್ಪ ಹಾಳೆ ಎತ್ತಿ ಒದ್ದೆ ಬಟ್ಟೆಯ ಮೇಲೆ ಮಗುಚಿ ಇಟ್ಟುಕೊಳ್ಳಿ. ಒತ್ತಬೇಡಿ. ಇನ್ನೊಂದು ತೊಟ್ಟಿಯಲ್ಲಿ ಗಾಢ ಬಣ್ಣದ ತಿರುಳನ್ನು ತುಂಬಾ ನೀರಾಗಿ ಕಲಸಿ, ಜರಡಿಯ ಬಲೆ ಮಸುಕಾಗಿ ಕಾಣುವಷ್ಟು ತೆಳುವಾದ ಹಾಳೆ ಎತ್ತಿ. ಆ ಹಾಳೆ ಇನ್ನೂ ಜರಡಿಯ ಮೇಲಿರುವಾಗಲೇ ಸೂಜಿ ತೆಗೆದ ಸಿರಿಂಜಿನಿಂದ ಒಂದೊಂದೇ ಹನಿ ನೀರನ್ನು ಅರ್ಧ ಅಡಿ ಎತ್ತರದಿಂದ ಬೀಳಿಸಿ. ಹನಿ ಬಿದ್ದ ಜಾಗದ ನಾರು ಪಕ್ಕಕ್ಕೆ ಸರಿದು, ಕಾಳಿನಷ್ಟು ಗುಂಡನೆಯ ರಂಧ್ರವಾಗುತ್ತದೆ. ಅದರ ಅಂಚಿನಲ್ಲಿ ನಾರು ಸ್ವಲ್ಪ ಗುಡ್ಡೆಯಾಗಿ ನಿಲ್ಲುತ್ತದೆ. ಹನಿಯ ಪಕ್ಕ ಹನಿ ಬಿದ್ದು ಗೂಳಿಯ ಬೆನ್ನು ಮೂಡುವಾಗ ಅದು ಎಳೆದ ಗೆರೆಯಾಗಿರುವುದಿಲ್ಲ, ಚುಕ್ಕೆಗಳ ಸಾಲಾಗಿರುತ್ತದೆ. ಕುಟ್ಟುಚಿತ್ರವನ್ನು ಹತ್ತಿರದಿಂದ ನೋಡಿದರೆ ಅಲ್ಲೂ ಗೆರೆಯಿಲ್ಲ, ಸಾವಿರ ಏಟುಗಳಿವೆ. ಜಪಾನಿನ ಕಾಗದದವರು ಒದ್ದೆ ಹಾಳೆಯ ಮೇಲೆ ನೀರು ಸಿಡಿಸಿ ಜಾಲರಿಯಂಥ ಕಾಗದ ಮಾಡುವ ‘ರಕುಸುಯಿ’ ಪದ್ಧತಿಯೂ ಇದೇ ತತ್ತ್ವದ್ದು.

ನಂತರ ಈ ತೂತಾದ ಹಾಳೆಯನ್ನು ದಪ್ಪ ಹಾಳೆಯ ಮೇಲೆ ಮಗುಚಬೇಕು. ಮಗುಚಿದಾಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಗೂಳಿ ಎಡಕ್ಕೆ ನೋಡಬೇಕೆಂದಿದ್ದರೆ ಜರಡಿಯ ಮೇಲೆ ಬಲಕ್ಕೆ ಮೂಡಿಸಿ.

ಹಾಳೆಗಳನ್ನು ಒತ್ತಿದ ಮೇಲೆ, ಅರೆಒಣಗಿದ ಹೊತ್ತಿನಲ್ಲಿ, ಮೊಂಡು ಮೊಳೆಯಿಂದ ಕುಟ್ಟುತ್ತಾ ಚಿಮಟದಿಂದ ಮೇಲ್ಪದರವನ್ನು ಕಿತ್ತು ತೆಗೆಯುವುದು ಇನ್ನೊಂದು ಕ್ರಮ. ಅಂಚು ಹರಿದಂತೆ, ಒರಟಾಗಿ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಬ್ಲೇಡಿನಿಂದಲೋ ಉಪ್ಪುಕಾಗದದಿಂದಲೋ ಕೆರೆಯುವುದು ಮತ್ತೊಂದು. ಅದು ನಿಖರ, ತೆಳು ಗೀರುಗಳಿಗೆ ಒಳ್ಳೆಯದು, ಆದರೆ ಕೆರೆದ ಜಾಗದಲ್ಲಿ ನಾರು ಎದ್ದು ಮೇಲ್ಮೈ ಬಟ್ಟೆಯಂತಾಗುತ್ತದೆ. ಮೂರರಲ್ಲಿ ನನ್ನ ಆಯ್ಕೆ ಹನಿ. ತುಂಬಿದ ಮೈಯ ದನಗಳಿಗೆ ಕಿತ್ತು ತೆಗೆಯುವುದೂ ಸರಿ. ಕೆರೆಯುವುದನ್ನು ಗೀರುಚಿತ್ರಗಳಿಗೆ ಮಾತ್ರ ಇಟ್ಟುಕೊಳ್ಳಿ.

ಈ ವಿಧಾನದ ದೊಡ್ಡ ತೊಡಕು ಹಾಳೆ ಸೊಟ್ಟಗಾಗುವುದು. ಎರಡು ಪದರಗಳ ನಾರು ಬೇರೆಬೇರೆಯಾದರೆ, ಅಥವಾ ಒಂದನ್ನು ಹೆಚ್ಚು ಅರೆದು ಇನ್ನೊಂದನ್ನು ಕಡಿಮೆ ಅರೆದರೆ, ಒಣಗುವಾಗ ಅವು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹಾಳೆ ದೋಣಿಯಂತೆ ಮಡಚಿಕೊಳ್ಳುತ್ತದೆ. ಒಂದೇ ತಿರುಳನ್ನು ಎರಡು ಪಾಲು ಮಾಡಿ ಒಂದಕ್ಕೆ ಮಾತ್ರ ಬಣ್ಣ ಸೇರಿಸುವುದು ಕ್ಷೇಮ. ಗಾಢ ಪದರಕ್ಕೆ ಕಪ್ಪು ಕ್ರಾಫ್ಟ್ ಕಾಗದ ನೆನೆಸಿ ಅರೆಯುವುದು ಸುಲಭವೆಂದು ಕಾಣುತ್ತದೆ, ಆದರೆ ಅದರ ಬಣ್ಣ ಬಿಟ್ಟುಕೊಂಡು ಕೆಳಗಿನ ಪದರವೂ ಮಾಸಬಹುದು. ಕಂದು ರಟ್ಟಿನ ತಿರುಳು ಅಷ್ಟು ಕಾಟ ಕೊಡುವುದಿಲ್ಲ. ಬಿಸಿಲಿಗೆ ಕಂದಿದ ಕಲ್ಲಿನ ಬಣ್ಣವನ್ನೂ ಹೋಲುತ್ತದೆ.

ಅಚ್ಚಿನಲ್ಲಿ ಎರಕ ಹೊಯ್ಯುವುದನ್ನು ಆರಿಸಬೇಕಾದದ್ದು ಕೆತ್ತನೆ ಆಳವಿದ್ದಾಗ. ಗೋವಾದ ಉಸ್ಗಾಳಿಮಳ್‌ನಲ್ಲಿ ಕುಶಾವತಿ ನದಿಯ ದಡದ ಜಂಬಿಟ್ಟಿಗೆ ಹಾಸಿನ ಮೇಲೆ ಕೊರೆದ ಸುರುಳಿಸುತ್ತಿನ ವೃತ್ತವನ್ನೋ, ಕೊಂಕಣದ ಬಯಲು ಜಂಬಿಟ್ಟಿಗೆಯ ದೊಡ್ಡ ಆಕೃತಿಗಳನ್ನೋ ನೆನೆಸಿಕೊಳ್ಳಿ. ಅಲ್ಲಿ ಬಣ್ಣದ ವ್ಯತ್ಯಾಸಕ್ಕಿಂತ ತೋಡಿನ ನೆರಳು ಮುಖ್ಯ. ಜೇಡಿಮಣ್ಣಿನ ಹಲಗೆಯ ಮೇಲೆ ಆಕೃತಿ ಕೊರೆದು, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ಮಾಡಿ, ಆ ಅಚ್ಚಿನ ಮೇಲೆ ಒದ್ದೆ ತಿರುಳು ಹರಡಿ ಸ್ಪಂಜಿನಿಂದ ನೀರು ಹೀರುತ್ತಾ ಒತ್ತಬೇಕು. ಅಚ್ಚಿನ ಮೇಲೆಯೇ ಒಣಗಲಿ. ಗಡಿಬಿಡಿ ಮಾಡಿ ಎಬ್ಬಿಸಿದರೆ ಅಂಚು ಹರಿಯುತ್ತದೆ.

ಪ್ಲಾಸ್ಟರಿನ ಹಂತವನ್ನು ಹಾರಿಸಿ ನೇರ ಜೇಡಿಮಣ್ಣಿನ ಮೇಲೆ ತಿರುಳು ಒತ್ತಿದರೆ ಮಣ್ಣಿನಲ್ಲಿ ತೋಡಾಗಿದ್ದದ್ದು ಕಾಗದದಲ್ಲಿ ಏಣಾಗಿ ಬರುತ್ತದೆ. ಕೆಲವರು ಇದನ್ನೇ ಇಷ್ಟಪಡುತ್ತಾರೆ. ನನಗೆ ಸಮ್ಮತವಿಲ್ಲ, ಬಂಡೆಯಲ್ಲಿ ಒಳಗಿಳಿದ ಗೆರೆ ಕಾಗದದಲ್ಲಿ ಉಬ್ಬಿ ನಿಂತರೆ ಅದು ಬಿಸ್ಕತ್ತಿನ ಮೇಲಿನ ಹೆಸರಿನಂತೆ ಕಾಣುತ್ತದೆ. ಪ್ಲಾಸ್ಟರು ಬೇಡವೆಂದರೆ ದಪ್ಪ ರಟ್ಟಿನಿಂದ ಆಕೃತಿ ಕತ್ತರಿಸಿ ಹಲಗೆಗೆ ಅಂಟಿಸಿ, ನೀರು ಹಿಡಿಯದಂತೆ ವಾರ್ನಿಷ್ ಬಳಿದು, ಅದರ ಮೇಲೆ ತಿರುಳು ಒತ್ತಿ. ಹಲಗೆಯಲ್ಲಿ ಉಬ್ಬಿದ್ದು ಕಾಗದದಲ್ಲಿ ತಗ್ಗಾಗುತ್ತದೆ.

ಆಲ್ಟಮಿರಾದ ಉಬ್ಬುಗಲ್ಲಿನ ಕಾಡೆಮ್ಮೆಗೂ ಎರಕವೇ ಹೊಂದುವುದು: ಮೊದಲು ಮೈಯ ಉಬ್ಬನ್ನು ಎರಕದಲ್ಲಿ ತಂದು, ಒಣಗಿದ ಮೇಲೆ ಅದರ ಮೇಲೆ ಬಣ್ಣ. ಇಲ್ಲಿ ಎರಡು ವಿಧಾನ ಸೇರಿಸುವುದಕ್ಕೆ ಬಂಡೆಯೇ ಅನುಮತಿ ಕೊಟ್ಟಿದೆ.

ನೀರಚ್ಚು (ವಾಟರ್‌ಮಾರ್ಕ್) ಮೂವರಲ್ಲಿ ಕಿರಿಯ. ತೆಳು ತಂತಿಯನ್ನು ಆಕೃತಿಯಂತೆ ಬಗ್ಗಿಸಿ ಜರಡಿಯ ಬಲೆಗೆ ಹೊಲಿದರೆ, ತಂತಿಯ ಮೇಲೆ ತಿರುಳು ಕಡಿಮೆ ನಿಂತು, ಬೆಳಕಿಗೆ ಹಿಡಿದಾಗ ಗೆರೆ ಹೊಳೆಯುತ್ತದೆ. ಚಕ್ರವ್ಯೂಹದಂಥ ಒಂದೇ ಎಳೆಯ ಚಿತ್ರಗಳಿಗೆ ಸರಿ, ತುಂಬಿದ ಮೈಯ ಪ್ರಾಣಿಗಳಿಗೆ ಅಲ್ಲ. ಲಾಭವೆಂದರೆ ಒಮ್ಮೆ ಹೊಲಿದ ಜರಡಿಯಿಂದ ಎಷ್ಟು ಹಾಳೆ ಬೇಕಾದರೂ ಎತ್ತಬಹುದು. ಕಾರ್ಡು, ಪುಸ್ತಕದ ಒಳಹಾಳೆ, ದೀಪದ ಮುಸುಕು ಮಾಡುವವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಗೋಡೆಗೆ ಹಾಕುವವರು ಇದರ ಗೋಜಿಗೆ ಹೋಗಬೇಡಿ, ಹಿಂದಿನಿಂದ ಬೆಳಕಿಲ್ಲದೆ ಅದು ಖಾಲಿ ಹಾಳೆ.

ಬಣ್ಣದ ಚಿತ್ರಕ್ಕೆ: ಒದ್ದೆಯಲ್ಲೋ, ಒಣಗಿದ ಮೇಲೋ?

ಬಣ್ಣದ ತಿರುಳನ್ನೇ ಬಣ್ಣವಾಗಿ ಬಳಸುವುದು ಒಂದು ದಾರಿ. ನುಣ್ಣಗೆ ಅರೆದ, ಬಣ್ಣ ಬೆರೆಸಿದ ತಿರುಳನ್ನು ಸಾಸ್ ಬಾಟಲಿಯಂಥ ಮೂತಿಬಾಟಲಿಗೆ ತುಂಬಿ, ಆಗತಾನೇ ಎತ್ತಿದ ಒದ್ದೆ ಹಾಳೆಯ ಮೇಲೆ ಹಿಂಡುವುದು. ಒಣಗಿದ ಮೇಲೆ ಚಿತ್ರ ಹಾಳೆಯ ಮೇಲಿರುವುದಿಲ್ಲ, ಹಾಳೆಯೇ ಆಗಿರುತ್ತದೆ. ಬಣ್ಣ ಕಲ್ಲಿನೊಳಗೆ ಇಳಿದು ಕೂತ ಹಳೆಯ ಗವಿಚಿತ್ರದ ಭಾವಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಭೀಮ್‌ಬೆಟ್ಕಾದಲ್ಲಿ ಒಂದರ ಮೇಲೊಂದು ಬರೆದ ಪ್ರಾಣಿಗಳನ್ನು ಹೀಗೆ ತಂದರೆ ಕೆಳಗಿನದು ಮೇಲಿನದರ ಅಂಚಿನಲ್ಲಿ ಮಂಕಾಗಿ ಇಣುಕುತ್ತದೆ.

ಆದರೆ ತೆಳು ಗೆರೆ ಇದರಲ್ಲಿ ಬಾರದು. ಬಿಲ್ಲಿನ ಹೆದೆ, ಕಡ್ಡಿಕಾಲಿನ ಮನುಷ್ಯ, ಜಿಂಕೆಯ ಕವಲುಕೊಂಬು, ಇವೆಲ್ಲ ಹಿಂಡಿದ ತಿರುಳಿನಲ್ಲಿ ಹುಳುವಿನಂತೆ ಕಾಣುತ್ತವೆ. ತಿರುಳಿಗೆ ಲೋಳೆ ಸೇರಿಸಿದರೆ ಅದು ನಿಧಾನವಾಗಿ, ಗಂಟಾಗದೆ ಹರಿಯುತ್ತದೆ. ಜಪಾನಿನಲ್ಲಿ ಇದಕ್ಕೆ ‘ತೊರೊರೊ ಅವೊಯಿ’ ಗಿಡದ ಬೇರಿನ ಲೋಳೆ ಬಳಸುತ್ತಾರೆ. ಬೆಂಡೆ ಅದರ ಹತ್ತಿರದ ನೆಂಟ, ಬೆಂಡೆಕಾಯಿಯನ್ನು ನೆನೆಸಿ ಸೋಸಿದ ಲೋಳೆಯೂ ಕೆಲಸ ಮಾಡುತ್ತದೆ. ಇಷ್ಟಾದರೂ ಗೆರೆ ಬ್ರಷ್ಷಿನಷ್ಟು ಸಣ್ಣದಾಗುವುದಿಲ್ಲ. ಇನ್ನೊಂದು ಎಚ್ಚರ: ಮಣ್ಣಿನ ಬಣ್ಣ ತಾನಾಗಿ ನಾರಿಗೆ ಅಂಟಿಕೊಳ್ಳದು. ಬಣ್ಣವನ್ನು ನಾರಿಗೆ ಹಿಡಿಸುವ ದ್ರಾವಣ ಹಾಕದಿದ್ದರೆ ಅರ್ಧ ಬಣ್ಣ ಬಸಿದ ನೀರಿನೊಂದಿಗೆ ಹೋಗುತ್ತದೆ.

ಒಣ ಹಾಳೆಯ ಮೇಲೆ ಬರೆಯುವುದು ಎರಡನೆಯ ದಾರಿ. ತುಂಬಿದ ನೆರಳಾಕೃತಿಗಳಿಗೆ ತಿರುಳು, ಕಡ್ಡಿಗೆರೆಯ ಮನುಷ್ಯರಿಗೆ ಬ್ರಷ್ ಅಥವಾ ಜಜ್ಜಿದ ಕಡ್ಡಿ, ಎಂದಿಟ್ಟುಕೊಂಡರೆ ಹೆಚ್ಚೂಕಡಿಮೆ ಸರಿಹೋಗುತ್ತದೆ. ಇದ್ದಿಲಿನಲ್ಲಿ ಬರೆಯುವುದಾದರೆ 1994ರಲ್ಲಿ ಪತ್ತೆಯಾದ ಫ್ರಾನ್ಸಿನ ಶೋವೆ ಗವಿಯವರು ಮಾಡಿದ್ದನ್ನು ನೋಡಿ: ಮೊದಲು ಗೋಡೆಯನ್ನು ಕೆರೆದು ಬೆಳ್ಳಗೆ ಮಾಡಿಕೊಂಡು, ಅದರ ಮೇಲೆ ಇದ್ದಿಲಿನ ಗೆರೆ ಎಳೆದು, ಆ ಇದ್ದಿಲನ್ನು ತಿಕ್ಕಿ ಹರಡಿ ಕುದುರೆಗಳ ಮುಖಕ್ಕೆ ನೆರಳು ಕೊಟ್ಟಿದ್ದಾರೆ. ಕಾಗದದಲ್ಲೂ ಮುಖ ಬರುವ ಜಾಗವನ್ನು ಉಪ್ಪುಕಾಗದದಿಂದ ಸ್ವಲ್ಪ ಕೆರೆದು ನಾರೆಬ್ಬಿಸಿ. ಇದ್ದಿಲು ಅಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ.

ಅಂಟು ಹಾಕದ ಕೈಕಾಗದ ಬಣ್ಣವನ್ನು ಶಾಯಿಹೀರುಕಾಗದದಂತೆ ಹೀರುತ್ತದೆ, ಗೆರೆಯ ಅಂಚು ಜೇಡನ ಕಾಲುಗಳಾಗಿ ಹರಡುತ್ತದೆ. ಹಾಗಾಗಿ ಹಾಳೆಗೆ ತೆಳುವಾಗಿ ಅಂಟು ಬಳಿಯಬೇಕು. ಪಿಷ್ಟದ ಗಂಜಿ ಸುಲಭ, ಆದರೆ ಬೆಳ್ಳಿಮೀನುಹುಳದಂಥ ಕಾಗದ ತಿನ್ನುವ ಹುಳಗಳಿಗೆ ಅದು ಔತಣ. ಜೆಲಟಿನ್ ಹಾಳೆಯನ್ನು ಗಟ್ಟಿ ಮಾಡುತ್ತದೆ, ಯುರೋಪಿನ ಕಾಗದದವರ ಹಳೆಯ ನೆಚ್ಚಿನ ವಸ್ತು. ಸಸ್ಯನಾರಿನಿಂದ ತಯಾರಿಸಿದ ಪುಡಿಯಂಟು ಮೀಥೈಲ್ ಸೆಲ್ಯುಲೋಸ್‌ಗೆ ಹುಳ ಬರುವುದಿಲ್ಲ, ಹಳೆಯ ಕಾಗದಗಳನ್ನು ಸಂರಕ್ಷಿಸುವವರೂ ಅದನ್ನು ಬಳಸುತ್ತಾರೆ. ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಕೈಗುರುತು: ನೋಡಲು ಸುಲಭ, ಹಾಳಾಗುವುದೂ ಸುಲಭ

ಮಕ್ಕಳೊಂದಿಗೆ ಕೆಲಸ ಮಾಡುವವರೆಲ್ಲ ಇದನ್ನೇ ಆರಿಸುತ್ತಾರೆ, ಸರಿಯಾಗಿಯೇ ಆರಿಸುತ್ತಾರೆ. ಆದರೆ ಅಂಗೈಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿದರೆ ಅದು ಬೇರೆಯೇ ಚಿತ್ರ. ಇಲ್ಲಿ ಬೇಕಾದದ್ದು ಕೈಯ ಗೈರುಹಾಜರಿ, ಅದರ ಸುತ್ತ ಬಣ್ಣದ ಧೂಳಿನ ಮಂಜು.

ಒಣಗಿದ, ಅಂಟು ಹಾಕಿದ ಹಾಳೆಯ ಮೇಲೆ ಕೈಯಿಟ್ಟು, ಒಂದಡಿ ದೂರದಿಂದ ಸ್ಪ್ರೇ ಬಾಟಲಿಯಲ್ಲಿ ಕೆಮ್ಮಣ್ಣಿನ ನೀರು ಸಿಂಪಡಿಸುವುದು ಎಲ್ಲಕ್ಕಿಂತ ಹೊಂದುವ ಮಾರ್ಗ. ಬಣ್ಣವನ್ನು ಬಟ್ಟೆಯಲ್ಲಿ ಎರಡು ಬಾರಿ ಸೋಸದಿದ್ದರೆ ಬಾಟಲಿಯ ಮೂತಿ ಕಟ್ಟಿಕೊಳ್ಳುತ್ತದೆ. ಹಲ್ಲುಜ್ಜುವ ಬ್ರಷ್ಷಿನಿಂದ ಚಿಮ್ಮಿಸಿದರೆ ಹನಿಗಳು ದಪ್ಪ. ಚಿಕ್ಕ ಕೈಗಳಿಗೆ ಅದು ಒರಟಾಗುತ್ತದೆ. ಏರ್‌ಬ್ರಷ್ ವಿಪರೀತ ಸಮನಾಗಿ ಬಂದು ಅಚ್ಚುಹಾಕಿದಂತೆ ಕಾಣುತ್ತದೆ. ಬೆರಳುಗಳನ್ನು ಹಾಳೆಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ನೀರು ಅಡಿಗೆ ನುಗ್ಗಿ ಬೆರಳು ಕರಗಿಹೋಗುತ್ತದೆ. ಪ್ರಾಚೀನರು ಊದಿದರೆಂದು ನೀವೂ ಬಾಯಿಂದ ಊದಲು ಹೋಗಬೇಡಿ, ಮಕ್ಕಳಿಗಂತೂ ಬಿಡಲೇಬೇಡಿ. ಬಣ್ಣದ ಪುಡಿ ಉಸಿರಿಗೆ ಹೋಗಬಾರದು.

ಕಾಗದವೇ ಮಾತನಾಡಬೇಕೆಂದರೆ ಒದ್ದೆಯ ದಾರಿಯೂ ಇದೆ. ಒದ್ದೆ ಹಾಳೆಯ ಮೇಲೆ ಕೈಯಾಕಾರದ ಪ್ಲಾಸ್ಟಿಕ್ ತುಂಡು ಇಟ್ಟು, ಮೇಲಿಂದ ಬಣ್ಣದ ತೆಳು ಹಾಳೆಯನ್ನು ಮಗುಚಿ, ನಂತರ ಆ ತುಂಡನ್ನು ಎತ್ತಿದರೆ ಅದರ ಜೊತೆಗೇ ಮೇಲ್ಪದರವೂ ಎದ್ದು ಕೈಯ ಜಾಗ ಖಾಲಿಯಾಗುತ್ತದೆ. ಅಂಚು ಹರಿದಂತೆ ಚಂದ, ಮಂಜು ಮಾತ್ರ ಇರುವುದಿಲ್ಲ.

ಯಾವ ನಾರು?

ಬಳಸಿದ ಬರೆಯುವ ಕಾಗದ, ಆಫೀಸಿನ ಪ್ರಿಂಟುಗಳು ಎಲ್ಲರಿಗೂ ಸಿಗುವ ವಸ್ತು. ನೆನೆಸಿ ಮಿಕ್ಸಿಯಲ್ಲಿ ಅರೆದರೆ ತಿರುಳು ಸಿದ್ಧ. ನಾರು ಚಿಕ್ಕದು, ಹಾಳೆ ದುರ್ಬಲ, ಆದರೆ ಎರಕಕ್ಕೂ ಎರಡು ಪದರದ ಕೆಳಹಾಳೆಗೂ ಸಾಕು. ಸುದ್ದಿಪತ್ರಿಕೆ ಬೇಡ: ಅದರಲ್ಲಿ ಮರದ ನಾರನ್ನು ಬಿಗಿದಿಡುವ ಲಿಗ್ನಿನ್ ಎಂಬ ವಸ್ತು ಉಳಿದಿರುವುದರಿಂದ ಬೆಳಕಿಗೆ ಹಳದಿಯಾಗಿ ಮುರುಮುರು ಆಗುತ್ತದೆ. ಬಂಡೆಚಿತ್ರಕ್ಕೆ ಹಳದಿಯಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹಳದಿಗೆ ಅಭ್ಯಂತರವಿಲ್ಲ, ಮುರಿಯುವುದಕ್ಕೆ ಇದೆ.

ಹತ್ತಿ ಎಲ್ಲಕ್ಕೂ ಹೊಂದುತ್ತದೆ. ಹತ್ತಿಬೀಜಕ್ಕೆ ಅಂಟಿದ ಗಿಡ್ಡ ನಾರಿನ ಹಾಳೆಗಳನ್ನು ಮಿಕ್ಸಿಯಲ್ಲಿ ಬಿಡಿಸಬಹುದು. ಕುಗ್ಗುವುದು ಕಡಿಮೆ, ಅಚ್ಚಿನ ಸಣ್ಣ ವಿವರವೂ ಉಳಿಯುತ್ತದೆ. ಹಳೆಯ ಹತ್ತಿಬಟ್ಟೆ ಇನ್ನೂ ಗಟ್ಟಿ ಕಾಗದ ಕೊಡುತ್ತದೆ, ಆದರೆ ಮಿಕ್ಸಿಗೆ ಅದು ಬಗ್ಗದು. ಮಿಕ್ಸಿ ನಾರನ್ನು ಕತ್ತರಿಸುತ್ತದೆ, ಬಟ್ಟೆಗೆ ಬೇಕಾದದ್ದು ಜಜ್ಜುವುದು. ಕ್ರಿ.ಶ. 105ರಲ್ಲಿ ಚೀನಾದ ಅರಮನೆಗೆ ಕಾಯ್ ಲುನ್ ಎಂಬ ಅಧಿಕಾರಿ ಒಪ್ಪಿಸಿದ ಕಾಗದದಲ್ಲಿ ತೊಗಟೆ, ಸೆಣಬು, ಹಳೆಬಟ್ಟೆ, ಮೀನುಬಲೆ ಎಲ್ಲ ಇದ್ದವಂತೆ. ಬೆರಕೆ ತಿರುಳು ಮಾಡಲು ಹಿಂಜರಿಯಬೇಕಿಲ್ಲ.

ಹಿಪ್ಪುನೇರಳೆ ಜಾತಿಯ ಒಳತೊಗಟೆಯ ನಾರು ಉದ್ದ, ತೆಳುವಾಗಿ ಎತ್ತಿದರೂ ಹರಿಯದು. ತೆಳು ಮೇಲ್ಪದರಕ್ಕೆ ಬಲ ಬೇಕಾದಾಗ ಸ್ವಲ್ಪ ಬೆರೆಸಿ. ಪೂರ್ತಿ ಅದೇ ಆದರೆ ಹಗುರಾದ ನೀರಹನಿ ಉದ್ದ ನಾರನ್ನು ಸುಲಭವಾಗಿ ಸರಿಸದು, ರಂಧ್ರ ಅಚ್ಚುಕಟ್ಟಾಗಿ ಮೂಡದಿರಬಹುದು. ಬಾಳೆದಿಂಡಿನ ನಾರಿನ ಹಾಳೆ ಒರಟು, ಚುಕ್ಕೆಚುಕ್ಕೆ, ಕಲ್ಲಿನ ಮೇಲ್ಮೈಯ ಹಾಗೆಯೇ ಇರುತ್ತದೆ. ಇಂಥ ಗಿಡದ ನಾರನ್ನು ವಾಷಿಂಗ್ ಸೋಡಾದಲ್ಲಿ ಗಂಟೆಗಟ್ಟಲೆ ಕುದಿಸಬೇಕು. ಒಣ ನಾರಿನ ತೂಕದ ಸುಮಾರು 20 ಶೇಕಡ ಸೋಡಾ ಸಾಮಾನ್ಯ ಪ್ರಮಾಣ. ಸ್ಟೀಲ್ ಪಾತ್ರೆಯಲ್ಲೇ ಕುದಿಸಿ. ಅಲ್ಯೂಮಿನಿಯಮ್ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ. ಕೈಗವಸು, ಕನ್ನಡಕ, ತೆರೆದ ಕಿಟಕಿ ಮೂರೂ ಇರಲಿ.

ಹೂವಿನ ಎಸಳು, ಎಲೆ, ಜರಿ ಬೆರೆಸುವ ಆಸೆಯನ್ನು ಈ ಒಂದು ಕೆಲಸಕ್ಕಾದರೂ ಬದಿಗಿಡಿ.

ಬಣ್ಣ ಮತ್ತು ಅಂಟು

ಕೆಮ್ಮಣ್ಣು ಅಥವಾ ಜಾಜು ಎಂದರೆ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಹಳದಿ ಮಣ್ಣು ಗೋಥೈಟ್. ಎರಡೂ ಬಿಸಿಲಿಗೆ ಮಾಸುವುದಿಲ್ಲ. ದಕ್ಷಿಣ ಆಫ್ರಿಕಾದ ಬ್ಲೋಂಬೋಸ್ ಗವಿಯ ಕಲ್ಲುಚೂರಿನ ಮೇಲೆ ಕೆಮ್ಮಣ್ಣಿನಿಂದ ಎಳೆದ ಅಡ್ಡಗೆರೆಗಳಿಗೆ 73,000 ವರ್ಷ. ಹಳದಿ ಮಣ್ಣನ್ನು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದೆ. ಒಂದೇ ಮಣ್ಣಿನಿಂದ ಹಳದಿ, ಕಿತ್ತಳೆ, ಕೆಂಪು ಮೂರನ್ನೂ ಪಡೆಯುವುದು ಹೀಗೆ. ನೆಲದಿಂದ ಅಗೆದ ಮಣ್ಣನ್ನು ನೀರಿನಲ್ಲಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಬಣ್ಣದ ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ ಆರಲು ಬಿಡಿ. ತಳದ ಮರಳು ಕಾಗದಕ್ಕೆ ಬೇಡ.

ಕಪ್ಪಿಗೆ ಇದ್ದಿಲೋ ಮ್ಯಾಂಗನೀಸೋ? ಲಾಸ್ಕೋದವರು ಮ್ಯಾಂಗನೀಸ್ ಆಕ್ಸೈಡ್ ಬಳಸಿದ್ದರು, ಶೋವೆಯವರು ಇದ್ದಿಲು. ನೀವು ಶೋವೆಯವರ ಕಡೆ ನಿಲ್ಲಿ. ಮ್ಯಾಂಗನೀಸಿನ ಧೂಳು ಉಸಿರಾಟಕ್ಕೂ ನರಗಳಿಗೂ ಕೆಟ್ಟದ್ದು.

ಬಣ್ಣದ ಪುಡಿಯೊಂದಿಗೆ ಕಲಸುವ ಅಂಟುಗಳಲ್ಲಿ ಗೋಂದು ನನ್ನ ಮೊದಲ ಆಯ್ಕೆ. ಬಣ್ಣ ಮಂಕಾಗಿ, ಮಣ್ಣಿನಂತೆಯೇ ಉಳಿಯುತ್ತದೆ. ನೀರು ತಾಗಿದರೆ ಕರಗುತ್ತದೆ ಎನ್ನುವುದೊಂದೇ ಕೊರತೆ. ಮೊಟ್ಟೆಯ ಹಳದಿ ಭಾಗ ಬಣ್ಣಕ್ಕೆ ಕಳೆ ಕೊಡುತ್ತದೆ, ಆದರೆ ಬಾಗುವ ಕಾಗದದ ಮೇಲೆ ದಪ್ಪ ಬಳಿದರೆ ಬಿರುಕು ಬಿಡುತ್ತದೆ. ಆಕ್ರಿಲಿಕ್ ಗಟ್ಟಿ, ನೀರಿಗೂ ಜಗ್ಗದು. ಆದರೆ ಆ ಪ್ಲಾಸ್ಟಿಕ್ ಹೊಳಪು ಬಂದ ಕ್ಷಣ ಬಂಡೆ ಓಡಿಹೋಗುತ್ತದೆ.

ಅಳತೆ, ಜೋಡಣೆ, ಮತ್ತು ಮುಟ್ಟಬಾರದ್ದು

ಲಾಸ್ಕೋದ ಅತಿ ದೊಡ್ಡ ಗೂಳಿ ಸುಮಾರು 5.2 ಮೀಟರ್ ಉದ್ದ. ಅದನ್ನು ಎ4 ಹಾಳೆಯ ನಡುವೆ ಕೂರಿಸಿದರೆ ಅಂಚೆಚೀಟಿಯಾಗುತ್ತದೆ. ಇಂಥ ಚಿತ್ರಕ್ಕೆ ಕೊಂಬು ಮತ್ತು ಕತ್ತಿನ ಭಾಗವನ್ನಷ್ಟೇ ತೆಗೆದುಕೊಂಡು, ಹಾಳೆಯ ಅಂಚು ಅದನ್ನು ಕತ್ತರಿಸಲು ಬಿಡುವುದು ಮೇಲು. ದೊಡ್ಡದೇ ಬೇಕೆಂದರೆ ಒದ್ದೆ ಹಾಳೆಗಳ ಅಂಚುಗಳನ್ನು ಎರಡು ಬೆರಳಗಲ ಒಂದರ ಮೇಲೊಂದು ಬರುವಂತೆ ಮಗುಚುತ್ತಾ ಹೋಗಿ. ಒತ್ತಿದಾಗ ಅವು ಒಂದೇ ಹಾಳೆಯಾಗುತ್ತವೆ. ಗವಿಯ ಚಿತ್ರಗಳಲ್ಲಿ ಸಾಮಾನ್ಯವಾಗಿ ನೆಲದ ಗೆರೆಯಿರುವುದಿಲ್ಲ, ಚೌಕಟ್ಟಿರುವುದಿಲ್ಲ. ಪ್ರಾಣಿಗಳ ಕಾಲಡಿ ಹುಲ್ಲು, ಹಿಂದೆ ಸೂರ್ಯ, ಸುತ್ತ ಬಾರ್ಡರ್ ಹಾಕುವ ಕೈಯನ್ನು ತಡೆಯಿರಿ.

ಆಕೃತಿಯನ್ನು ಎಲ್ಲಿಂದ ಪಡೆಯುವುದು? ಬಂಡೆಯ ಮೇಲೆ ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿ ಪ್ರತಿ ತೆಗೆಯುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು, ಈಗ ಅದು ಬೇಡವೇ ಬೇಡ. ಒತ್ತಡಕ್ಕೆ ಸವೆದ ಕಲ್ಲು ಪುಡಿಯಾಗುತ್ತದೆ, ಇದ್ದಿಲು ಸಂದಿಗಳಲ್ಲಿ ಉಳಿಯುತ್ತದೆ. ಸೀಮೆಸುಣ್ಣದಲ್ಲಿ ಗೆರೆ ತಿದ್ದುವುದು, ಫೋಟೋಗಾಗಿ ನೀರು ಚಿಮುಕಿಸುವುದು ಕೂಡ ಹಾನಿಯೇ. ನೋಡುಗರ ಉಸಿರೇ ಲಾಸ್ಕೋದ ಗೋಡೆಗಳನ್ನು ಕೆಡಿಸತೊಡಗಿ 1963ರಲ್ಲಿ ಆ ಗವಿಯನ್ನು ಮುಚ್ಚಬೇಕಾಯಿತು, ಇನ್ನು ಕೈಯ ಮಾತೇನು. ಓರೆಬೆಳಕಿನಲ್ಲಿ ತೆಗೆದ ಫೋಟೋ, ಸಂಶೋಧಕರು ಪ್ರಕಟಿಸಿದ ರೇಖಾಚಿತ್ರ ಸಾಕು. ಅದರಿಂದಲೂ ನೇರ ನಕಲು ಮಾಡದೆ ನಾಲ್ಕು ಬಾರಿ ಕೈಯಿಂದಲೇ ಬರೆದು ನೋಡಿ, ಐದನೆಯದನ್ನು ಬಳಸಿ.

ಎಲ್ಲ ಆಕೃತಿಗಳೂ ವಾರಸುದಾರರಿಲ್ಲದವಲ್ಲ. ಆಸ್ಟ್ರೇಲಿಯದ ಕಿಂಬರ್ಲಿಯ ‘ವಾಂಜಿನ’ ಎಂಬ ಮಳೆ-ಮೋಡದ ಆತ್ಮಗಳ ರೂಪಗಳು ವೊರೊರಾ, ಙರಿಞಿನ್, ವುನಂಬಲ್ ಜನರಿಗೆ ಇಂದಿಗೂ ಪವಿತ್ರ. ಅವುಗಳನ್ನು ಬರೆಯುವ ಹಕ್ಕು ಯಾರದೆಂಬುದೂ ಅವರಲ್ಲಿ ನಿರ್ಧಾರಿತ. ಮಾರಾಟದ ಕೃತಿಗೆ ಇಂಥವನ್ನು ಬಳಸಬೇಡಿ. ಗೂಳಿ, ಜಿಂಕೆ, ಕೈ, ಸುರುಳಿ ಇವುಗಳ ಲೋಕವೇ ಸಾಕಷ್ಟು ದೊಡ್ಡದಿದೆ.

ಹೊಸಬರು, ಕೂಡಲೇ ಆರಿಸಬೇಕಾದರೆ

ಒಂದೇ ಮಧ್ಯಾಹ್ನ, ಜೊತೆಗೆ ಮಕ್ಕಳು: ಸಿದ್ಧ ಕೈಕಾಗದದ ಮೇಲೆ ಸ್ಪ್ರೇ ಕೈಗುರುತು. ಮನೆಯಲ್ಲಿ ಮಿಕ್ಸಿ, ಎರಡು ಟಬ್, ಜರಡಿ ಇದ್ದು ವಾರಾಂತ್ಯ ಬಿಡುವಿದ್ದರೆ ಎರಡು ಪದರದ ಹಾಳೆಗೇ ಬನ್ನಿ. ಮೊದಲ ಕೆಲವು ಹಾಳೆಗಳಲ್ಲಿ ಹನಿಯ ಎತ್ತರ ಕೈಗೆ ಹಿಡಿಯುವವರೆಗೆ ಚಿತ್ರದ ಗೊಡವೆ ಬೇಡ, ಚುಕ್ಕೆ ಹಾಕುತ್ತಿರಿ. ಕಾರ್ಡುಗಳ ರಾಶಿ ಬೇಕಿದ್ದವರಿಗೆ ನೀರಚ್ಚು. ಎರಕಕ್ಕೆ ಜಾಗ, ತಾಳ್ಮೆ, ಒಣಹವೆ ಮೂರೂ ಬೇಕು. ಮಳೆಗಾಲದಲ್ಲಿ ಅಚ್ಚಿನ ಮೇಲೆಯೇ ಬೂಷ್ಟು ಬರುತ್ತದೆ. ತಿರುಳಿನಿಂದ ಬರೆಯುವುದನ್ನು ಹಾಳೆ ಎತ್ತುವುದು ಸಲೀಸಾದ ಮೇಲೆ ಹಿಡಿದುಕೊಳ್ಳಿ.

ಗೋಡೆಗೆ ಹಾಕುವಾಗ ವಿಧಾನಕ್ಕೆ ತಕ್ಕ ಬೆಳಕು ಕೊಡಿ. ಎರಕದ ಕೃತಿಗೆ ಬದಿಯಿಂದ ಬೀಳುವ ಬೆಳಕು ಬೇಕು, ಎದುರಿನ ಟ್ಯೂಬ್‌ಲೈಟಿನಲ್ಲಿ ತೋಡುಗಳೆಲ್ಲ ಮುಚ್ಚಿಹೋಗುತ್ತವೆ. ಎರಡು ಪದರದ ಹಾಳೆ ಹೇಗಿದ್ದರೂ ಕಾಣುತ್ತದೆ. ಗಾಜು ಹಾಕಿಸುವುದಾದರೆ ಗಾಜಿಗೂ ಕಾಗದಕ್ಕೂ ನಡುವೆ ಅಂತರವಿರುವಂತೆ ಪಟ್ಟಿ ಕೊಡಿಸಿ, ಹಾಳೆಯ ಅಂಚನ್ನು ಮೌಂಟಿನ ಕೆಳಗೆ ಅಡಗಿಸಬೇಡಿ. ಇದ್ದಿಲಿನ ಕೆಲಸಕ್ಕೆ ಗಾಜು ಬೇಕೇ ಬೇಕು, ಆಕ್ರಿಲಿಕ್ ಶೀಟ್ ಸಲ್ಲದು. ಅದರ ಸ್ಥಿರವಿದ್ಯುತ್ತು ಕಾಗದದ ಮೇಲಿನ ಇದ್ದಿಲಿನ ಕಣಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ.